ಗಡುವು ಒಂದೇ ಆದರೆ ಬೆಂಕಿ ಆರೀತೇ?

ವಿಮಾನದ ಎಂಜಿನ್ನಿಗೆ ಜೋಡಿಸಿದ, ಬೆಂಕಿ ಆರಿಸುವ ಹ್ಯಾಲಾನ್ ಅನಿಲದ ಬಾಟಲಿ, ಅದೇ ವಿಮಾನದ ಕ್ಯಾಬಿನ್ನಿನಲ್ಲಿ ಕೈಗೆ ಸಿಗುವ ಚಿಕ್ಕ ಸಿಲಿಂಡರು, ವಿಜಯಪುರ ಜಿಲ್ಲೆಯ ಇಂಡಿಯಿಂದ ಹೊರಡುವ ಬಸ್ಸಿನ ಡ್ರೈವರ್ ಸೀಟಿನ ಹಿಂದಿನ ಕೆಂಪು ಡಬ್ಬಿ, ಸಾಲೋಟಗಿಯಂಥ ಊರಿನ ಶಾಲೆಯ ಗೋಡೆಗೆ ತೂಗಿಬಿಟ್ಟ ಇನ್ನೊಂದು ಕೆಂಪು ಡಬ್ಬಿ. ಇವಿಷ್ಟಕ್ಕೂ ಒತ್ತಡ ಪರೀಕ್ಷೆಯ ಗಡುವು ಒಂದೇ ಇರಲಿ ಎನ್ನುವುದು ಈಗ ಬುದ್ಧಿವಂತರ ಮಾತು. ಅಷ್ಟು ದೂರ ಹೋಗದವರೂ ವಿಮಾನಗಳ ಮಟ್ಟಿಗಾದರೂ ಎಲ್ಲ ದೇಶ, ಎಲ್ಲ ಕಂಪನಿ, ಎಲ್ಲ ಬಗೆಯ ಬಾಟಲಿಗಳಿಗೆ ಒಂದೇ ಅವಧಿ ಗೊತ್ತುಮಾಡಿ ಎನ್ನುತ್ತಾರೆ. ಒಂದಕ್ಕೆ ಮೂರು ವರ್ಷ, ಇನ್ನೊಂದಕ್ಕೆ ಐದು, ಮತ್ತೊಂದಕ್ಕೆ ಹನ್ನೆರಡು ಎಂದರೆ ನೆನಪಿಡುವವರು ಯಾರು, ತಪಾಸಣೆ ಮಾಡುವವರು ಯಾರು? ಐದು ಅಂದರೆ ಐದು, ಮುಗಿಯಿತು. ಕೇಳುವುದಕ್ಕೆ ಹಿತವಾಗಿದೆ. ಆಡಳಿತಕ್ಕೆ ಇನ್ನೂ ಹಿತ. ಬೆಂಕಿ ಹತ್ತಿದಾಗ ಕೆಲಸಕ್ಕೆ ಬರುವ ಮಾತು ಮಾತ್ರ ಇದಲ್ಲ.

ಪರೀಕ್ಷೆ ಹೇಗೆ ನಡೆಯುತ್ತದೆಂದು ಮೊದಲು ನೋಡಬೇಕು. ಗಡುವಿನ ಬಗ್ಗೆ ಗಟ್ಟಿಯಾಗಿ ಮಾತಾಡುವ ಬಹಳ ಜನ ಅದನ್ನು ನೋಡಿರುವುದಿಲ್ಲ. ಸಿಲಿಂಡರನ್ನು ಪೂರ್ತಿ ಖಾಲಿ ಮಾಡಿ, ವಾಲ್ವ್ ಬಿಚ್ಚಿ, ಒಳಗೆ ದೀಪ ಇಳಿಸಿ ತುಕ್ಕು, ಗೀರು, ತಗ್ಗು ಇವೆಯೇ ಎಂದು ನೋಡುತ್ತಾರೆ. ಆಮೇಲೆ ಒಳಗೆ ನೀರು ತುಂಬಿ, ನೀರೇ ತುಂಬಿದ ಇನ್ನೊಂದು ದಪ್ಪ ಕೊಳವಿಯೊಳಗೆ ಇಳಿಸಿ ಮುಚ್ಚುತ್ತಾರೆ. ಗಾಳಿ ತುಂಬದೆ ನೀರು ತುಂಬುವುದಕ್ಕೆ ಕಾರಣವಿದೆ. ನೀರು ಒತ್ತಿದರೆ ಹೆಚ್ಚು ಕುಗ್ಗುವುದಿಲ್ಲ, ಹಾಗಾಗಿ ಸಿಲಿಂಡರು ಒಡೆದರೂ ಬಾಂಬಿನಂತೆ ಸಿಡಿಯುವುದಿಲ್ಲ. ಪಂಪಿನಿಂದ ಒತ್ತಡ ಏರಿಸುತ್ತಾರೆ. ಅಧಿಕ ಒತ್ತಡದ ಉಕ್ಕಿನ ಸಿಲಿಂಡರಾದರೆ ಬಳಕೆಯ ಒತ್ತಡದ ಮೂರನೇ ಐದರಷ್ಟು, ಅಂದರೆ ಒಂದೂ ಮುಕ್ಕಾಲು ಪಟ್ಟಿಗೆ ಸ್ವಲ್ಪ ಕಮ್ಮಿ. ಸಿಲಿಂಡರು ಕೂದಲೆಳೆಯಷ್ಟು ಹಿಗ್ಗುತ್ತದೆ. ಹೊರಕೊಳವಿಯ ನೀರು ಅಷ್ಟರಮಟ್ಟಿಗೆ ಗಾಜಿನ ನಳಿಕೆಗೆ ಏರುತ್ತದೆ. ಒತ್ತಡ ಇಳಿಸಿದ ಮೇಲೆ ಎಷ್ಟು ಹಿಗ್ಗಿತ್ತೋ ಅಷ್ಟೂ ಕುಗ್ಗಬೇಕು. ಕುಗ್ಗದೆ ಉಳಿದ ಹಿಗ್ಗು ಒಟ್ಟು ಹಿಗ್ಗಿನ ಶೇಕಡಾ 10ನ್ನು ದಾಟಿದರೆ ಆ ಸಿಲಿಂಡರು ಗುಜರಿಗೆ.

ಇಷ್ಟೇ ಪರೀಕ್ಷೆ. ಇದು ಲೋಹದ ಗುಣ ಹೇಳುತ್ತದೆ. ಒಳಗೆ ತುಂಬಿದ ವಸ್ತು ಬೆಂಕಿ ಆರಿಸುತ್ತದೆಯೇ, ವಾಲ್ವ್ ತೆರೆದುಕೊಳ್ಳುತ್ತದೆಯೇ, ಗುಂಡಿ ಒತ್ತಿದವನಿಗೆ ಒತ್ತುವುದು ಗೊತ್ತಿದೆಯೇ ಎಂಬ ಪ್ರಶ್ನೆಗಳಿಗೆ ಈ ನೀರಿನ ಕೊಳವಿಯಲ್ಲಿ ಉತ್ತರವಿಲ್ಲ.

ಲೋಹದ ಗುಣ ಎಂದ ಮೇಲೆ ಗಡುವು ಲೋಹದಿಂದಲೇ ಹುಟ್ಟಬೇಕು. ಸಿಲಿಂಡರ್ ಪರೀಕ್ಷೆಗೆ ಅಮೆರಿಕದ ಸಾರಿಗೆ ಇಲಾಖೆಯ ನಿಯಮಗಳನ್ನೇ ನೋಡಿ. ಆ ನಿಯಮಗಳಲ್ಲಿ '3ಎಚ್‌ಟಿ' ಎಂಬ ಒಂದು ಜಾತಿಯಿದೆ. ವಿಮಾನಕ್ಕೆಂದೇ ಮಾಡಿದ ಉಕ್ಕಿನ ಸಿಲಿಂಡರು. ತೂಕ ಉಳಿಸಲು ಗೋಡೆ ತೆಳು ಮಾಡಿ, ಉಕ್ಕನ್ನು ಗಡಸು ಮಾಡಿದ್ದಾರೆ. ತೆಳುಗೋಡೆಯ ಮೇಲೆ ಬೀಳುವ ಒತ್ತಡ ಜಾಸ್ತಿ, ತುಂಬಿದಾಗಲೆಲ್ಲ ಲೋಹ ಒಂದಿಷ್ಟು ದಣಿಯುತ್ತದೆ. ಅದಕ್ಕೆ ಮೂರು ವರ್ಷಕ್ಕೊಮ್ಮೆ ಪರೀಕ್ಷೆ. 24 ವರ್ಷವಾದರೆ, ಅಥವಾ 4,380 ಸಲ ತುಂಬಿದರೆ, ಯಾವುದು ಮೊದಲೋ ಆಗ ಅದರ ಆಯುಷ್ಯ ಮುಗಿಯಿತು. ಈ 4,380 ಎಲ್ಲಿಂದ ಬಂತು? ದಿನ ಬಿಟ್ಟು ದಿನ ಒಂದು ಸಲ ತುಂಬಿದರೆ 24 ವರ್ಷಕ್ಕೆ ಸರಿಯಾಗಿ ಅಷ್ಟೇ ಆಗುತ್ತದೆ. ಅದಕ್ಕಿಂತ ಹೆಚ್ಚು ಸಲ ತುಂಬುವವನು ಲೆಕ್ಕದ ಪುಸ್ತಕ ಇಡಲೇಬೇಕೆಂದು ನಿಯಮ ಹೇಳುತ್ತದೆ. ಅಂದರೆ ಅಲ್ಲಿ ಪಂಚಾಂಗದ ಜೊತೆಗೆ ಬಳಕೆಯೂ ಎಣಿಕೆಗೆ ಬರುತ್ತದೆ. ಅದೇ ನಿಯಮಾವಳಿಯ '3ಎಎ' ಎಂಬ ದಪ್ಪಗೋಡೆಯ ಉಕ್ಕಿನ ಸಿಲಿಂಡರಿಗೆ ಸಾಮಾನ್ಯವಾಗಿ ಐದು ವರ್ಷ, ಒಟ್ಟು ಆಯುಷ್ಯಕ್ಕೆ ಮಿತಿಯೇ ಇಲ್ಲ. ವಿಮಾನದ ಹ್ಯಾಲಾನ್ ತುಂಬುವ '4ಡಿಎಸ್' ಸ್ಟೇನ್‌ಲೆಸ್ ಉಕ್ಕಿನ ಗುಂಡು ಬಾಟಲಿಗೆ ಐದು. ಅಗ್ನಿನಂದಕವಾಗಿ ಬಳಸುವ ಕೆಲವು ಕಡಿಮೆ ಒತ್ತಡದ ಬೆಸುಗೆ ಸಿಲಿಂಡರುಗಳಿಗೆ ಹನ್ನೆರಡು.

ಈ ಮೂರು, ಐದು, ಹನ್ನೆರಡನ್ನು ಗೊಂದಲ ಎಂದು ಕರೆಯುವವರಿಗೆ ನನ್ನದೊಂದು ಪ್ರಶ್ನೆ. ಒಂದೇ ಮಾಡುವುದಾದರೆ ಯಾವ ಸಂಖ್ಯೆಗೆ ಮಾಡುತ್ತೀರಿ? ಮೂರಕ್ಕೆ ಇಳಿಸಿದರೆ ಹನ್ನೆರಡು ವರ್ಷ ನಿಶ್ಚಿಂತೆಯಾಗಿ ಇರಬಹುದಾದ ಬಾಟಲಿಯನ್ನು ನಾಲ್ಕು ಪಟ್ಟು ಹೆಚ್ಚು ಸಲ ಬಿಚ್ಚಿ ಕಟ್ಟುತ್ತೀರಿ. ಐದಕ್ಕೆ ನಿಲ್ಲಿಸಿದರೆ ಮೂರರಲ್ಲೇ ನೋಡಬೇಕಾದ ತೆಳುಗೋಡೆಯದನ್ನು ಎರಡು ವರ್ಷ ತಡವಾಗಿ ನೋಡುತ್ತೀರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ.

ಇನ್ನೊಂದು ಸಂಗತಿ ಇವರ ಬಾಯಲ್ಲಿ ಬರುವುದೇ ಇಲ್ಲ. 6351 ಎಂಬ ಅಲ್ಯುಮಿನಿಯಂ ಮಿಶ್ರಲೋಹದಿಂದ ಮಾಡಿದ ಸಿಲಿಂಡರುಗಳಲ್ಲಿ ಕುತ್ತಿಗೆಯ ಬಳಿ ಸಣ್ಣ ಬಿರುಕು ಹುಟ್ಟಿ, ಒತ್ತಡ ಒಂದೇ ಸಮ ಇದ್ದರೂ ಅದು ಮೆಲ್ಲಗೆ ಬೆಳೆಯುತ್ತದೆ. ನೀರಿನ ಪರೀಕ್ಷೆಯಲ್ಲಿ ಪಾಸಾದವೂ ಹೀಗೆ ಒಡೆದಿವೆ. ಗಡುವು ಐದಾದರೇನು, ಎರಡಾದರೇನು, ಆ ಪರೀಕ್ಷೆಗೆ ಈ ರೋಗ ಕಾಣುವುದಿಲ್ಲ. ಅಮೆರಿಕ ಮಾಡಿದ್ದು ಗಡುವನ್ನು ಬಿಗಿ ಮಾಡುವ ಕೆಲಸವಲ್ಲ. 2006ರಲ್ಲಿ ಆ ಜಾತಿಯ ಸಿಲಿಂಡರುಗಳಿಗೆಂದೇ ಬೇರೆ ಪರೀಕ್ಷೆ ತಂದಿತು: ಕುತ್ತಿಗೆಯ ಎಳೆಗಳೊಳಗೆ ವಿದ್ಯುತ್ ಸುಳಿ ಹಾಯಿಸಿ ಬಿರುಕು ಹುಡುಕುವುದು. ರೋಗಕ್ಕೆ ತಕ್ಕ ಪರೀಕ್ಷೆ ಹುಡುಕುವ ಈ ಬುದ್ಧಿಯೇ ಏಕಗಡುವಿನವರಿಗೆ ತೊಡಕಿನ ಕೆಲಸವಾಗಿ ಕಾಣುತ್ತದೆ.

ಬಾಟಲಿಯ ಒಳಗಿನದು ಇನ್ನೊಂದು ಕಥೆ. 2009ರಲ್ಲಿ ಯೂರೋಪಿನ ವಿಮಾನ ಸುರಕ್ಷತಾ ಸಂಸ್ಥೆಗೆ ಒಂದು ಕೆಟ್ಟ ಸುದ್ದಿ ಬಂತು. ಬ್ರಿಟನ್ನಿನಿಂದ ಸರಬರಾಜಾದ ಮರುಬಳಕೆಯ ಹ್ಯಾಲಾನ್ ಶುದ್ಧವಾಗಿರಲಿಲ್ಲ. ಅದು ಆಗಲೇ ಎಷ್ಟೋ ವಿಮಾನಗಳ ಬಾಟಲಿಗಳನ್ನು ಸೇರಿಬಿಟ್ಟಿತ್ತು. ಹುಡುಕಿ ತೆಗೆಯಲು ಆದೇಶ ಹೊರಟಿತು, ಅಮೆರಿಕವೂ ಹಿಂದೆಯೇ ಎಚ್ಚೆತ್ತಿತು. ಬಾಟಲಿಯ ಮೇಲಿನ ಮುದ್ರೆ ನೋಡಿ ಆ ದೋಷ ಹಿಡಿಯಲು ಆಗುತ್ತಿರಲಿಲ್ಲ. ಮುದ್ರೆ ಉಕ್ಕಿನದು, ದೋಷ ಅನಿಲದ್ದು. ಅವತ್ತು ಜಗತ್ತಿಗೆಲ್ಲ ಒಂದೇ ಗಡುವಿದ್ದಿದ್ದರೂ ಆ ಬಾಟಲಿಗಳು ಹಾಗೆಯೇ ಹಾರುತ್ತಿದ್ದವು.

ನಮ್ಮ ಕಡೆ ಹ್ಯಾಲಾನ್ ಇಲ್ಲ, ಪುಡಿ ಇದೆ. ಶಾಲೆ, ಬ್ಯಾಂಕು, ಪೆಟ್ರೋಲ್ ಬಂಕು, ಬಸ್ಸು ಎಲ್ಲ ಕಡೆ ಎಬಿಸಿ ಪುಡಿಯ ಸಿಲಿಂಡರೇ. ವಿಜಯಪುರ ಜಿಲ್ಲೆಯ ಬೇಸಿಗೆ ನಲವತ್ತು ಡಿಗ್ರಿ ದಾಟುತ್ತದೆ. ಬಿಸಿಲು ಬಡಿಯುವ ಗೋಡೆಗೆ ತೂಗಿದ ಡಬ್ಬಿಯ ರಬ್ಬರ್ ಸೀಲು ಒಣಗುತ್ತದೆ, ಒತ್ತಡ ಸೋರುತ್ತದೆ, ಮಳೆಗಾಲದ ತೇವ ಒಳಸೇರಿದರೆ ಪುಡಿ ಗಡ್ಡೆಗಟ್ಟುತ್ತದೆ. ಬಸ್ಸಿನಲ್ಲಿ ಇನ್ನೊಂದು ಪಾಡು: ತಗ್ಗು ದಿನ್ನೆಯ ರಸ್ತೆಯಲ್ಲಿ ದಿನವಿಡೀ ಕುಲುಕಿ ಕುಲುಕಿ ಪುಡಿ ತಳದಲ್ಲಿ ಒತ್ತಾಗಿ ಕೂತುಬಿಡುತ್ತದೆ. ತಿಂಗಳಿಗೊಮ್ಮೆ ಇಳಿಸಿ, ತಲೆಕೆಳಗು ಮಾಡಿ, ಪುಡಿ ಸಡಿಲವಾಗಿ ಜಾರುವ ಸದ್ದು ಕೇಳುತ್ತದೆಯೇ ಎಂದು ಕಿವಿಗೊಟ್ಟರೆ ಸಾಕು, ಅರ್ಧ ಸತ್ಯ ತಿಳಿದುಬಿಡುತ್ತದೆ. ಒತ್ತಡ ತೋರಿಸುವ ಮುಳ್ಳು ಹಸಿರಿನಲ್ಲಿದೆಯೇ ಎಂದು ನೋಡಿದರೆ ಇನ್ನರ್ಧ. ಇದಕ್ಕೆ ಯಂತ್ರ ಬೇಡ, ಇಂಜಿನಿಯರು ಬೇಡ. ಆದರೆ ಕೇಳಿದರೆ ಬರುವ ಉತ್ತರ ಒಂದೇ: "ಡೇಟ್ ಇನ್ನೂ ಐತಲ್ರೀ, ಏನಾಗ್ತದ?"

ಈ 'ಡೇಟ್ ಐತಿ' ಎಂಬ ಧೈರ್ಯವೇ ಏಕಗಡುವಿನ ವಾದದ ನಿಜವಾದ ಫಲ. ತಾರೀಖು ಎಷ್ಟು ಸರಳವಾಗುತ್ತದೋ ಅಷ್ಟು ಬೇಗ ಅದು ಪರೀಕ್ಷೆಯ ಜಾಗವನ್ನೇ ನುಂಗುತ್ತದೆ. 2004ರ ಜುಲೈನಲ್ಲಿ ಕುಂಭಕೋಣಂ ಶಾಲೆಯ ಬೆಂಕಿಯಲ್ಲಿ ತೊಂಬತ್ತಕ್ಕೂ ಹೆಚ್ಚು ಮಕ್ಕಳು ಸತ್ತರು. ಆ ಪ್ರಕರಣದಿಂದ ಹುಟ್ಟಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2009ರಲ್ಲಿ ದೇಶದ ಶಾಲೆಗಳೆಲ್ಲ ಅಗ್ನಿನಂದಕ ಇಡಬೇಕು, ಸಿಬ್ಬಂದಿಗೆ ಅದನ್ನು ಬಳಸುವ ತರಬೇತಿ ಕೊಡಬೇಕು ಎಂದು ಹೇಳಿತು. ಡಬ್ಬಿ ಬಂತು, ಚೀಟಿ ಬಂತು. ತರಬೇತಿಯನ್ನು ಮಾತ್ರ ಚೀಟಿಯ ಮೇಲೆ ಬರೆಯುವ ರೂಢಿಯಿಲ್ಲ, ಹಾಗಾಗಿ ತಪಾಸಣೆಗೆ ಬಂದವರು ಅದನ್ನು ಕೇಳುವ ರೂಢಿಯೂ ಕಡಿಮೆ. 2020ರ ಆಗಸ್ಟಿನಲ್ಲಿ ವಿಜಯಪುರದಿಂದ ಬೆಂಗಳೂರಿಗೆ ಹೊರಟ ಖಾಸಗಿ ಬಸ್ಸೊಂದು ಹಿರಿಯೂರಿನ ಬಳಿ ಹೊತ್ತಿಕೊಂಡು ಮಕ್ಕಳೂ ಸೇರಿ ಐದು ಜನ ಸತ್ತರು. ನಮ್ಮ ಜಿಲ್ಲೆಯವರು ರಾತ್ರಿ ಬಸ್ಸು ಹತ್ತುವಾಗ ಇಂದಿಗೂ ನೆನೆಯುವ ಘಟನೆ ಅದು. ಇಂಥದ್ದು ನಡೆದ ಮೇಲೆ ಒಂದು ವಾರ ಬಸ್ ನಿಲ್ಲಿಸಿ ನಿಲ್ಲಿಸಿ ಡಬ್ಬಿಯ ತಾರೀಖು ನೋಡುವ ಭರಾಟೆ ಎಲ್ಲ ಕಡೆ ಇರುತ್ತದೆ. ಡಬ್ಬಿಯನ್ನು ಕೊಂಡಿಯಿಂದ ಬಿಡಿಸಿ ತೋರಿಸಪ್ಪ ಎಂದು ಕ್ಲೀನರನಿಗೆ ಹೇಳುವುದನ್ನು ನಾನಂತೂ ಕಂಡಿಲ್ಲ.

ಹೆಚ್ಚು ಸಲ ಪರೀಕ್ಷೆ ಮಾಡಿದರೆ ನಷ್ಟವೇನು ಎಂದು ಕೇಳುತ್ತಾರೆ. ನಷ್ಟವಿದೆ. ಹ್ಯಾಲಾನ್ 1301 ಓಜೋನ್ ಪದರಕ್ಕೆ ಬಲು ಕೆಟ್ಟದ್ದು, ಹಳೆಯ ಫ್ರಿಜ್ ಅನಿಲಕ್ಕಿಂತ ಹತ್ತು ಪಟ್ಟು. ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಶ್ರೀಮಂತ ದೇಶಗಳಲ್ಲಿ 1994ಕ್ಕೇ ಅದರ ತಯಾರಿಕೆ ನಿಂತಿತು, ಭಾರತದಂಥ ದೇಶಗಳಲ್ಲಿ 2010ಕ್ಕೆ. ಹೊಸ ವಿಮಾನಗಳ ಕೈಸಿಲಿಂಡರಿಗೆ ಬದಲಿ ವಸ್ತು ಬಂದಿದೆ. ಎಂಜಿನ್ನಿಗೂ ಸರಕು ಕೋಣೆಗೂ ಇಂದಿಗೂ ಬಹುತೇಕ ಹ್ಯಾಲಾನೇ ಗತಿ. ಅದೂ ಹಳೆಯ ದಾಸ್ತಾನಿನಿಂದ ಹಿಡಿದು ಶುದ್ಧಿ ಮಾಡಿದ್ದು. ಬಾಟಲಿ ಬಿಚ್ಚಿದಾಗಲೆಲ್ಲ ಒಂದಿಷ್ಟು ಗಾಳಿಗೆ ಹೋಗುತ್ತದೆ, ತುಂಬುವಾಗ ಕಲಬೆರಕೆಗೆ ಬಾಗಿಲು ತೆರೆಯುತ್ತದೆ. 2009ರ ಆ ಕೆಟ್ಟ ಹ್ಯಾಲಾನ್ ಒಳಬಂದದ್ದೂ ಮರುತುಂಬುವ ಬಾಗಿಲಿನಿಂದಲೇ. ಅದಕ್ಕಾಗಿಯೇ ಬಾಟಲಿ ಬಿಚ್ಚದೆ, ಒತ್ತಡ ಏರಿಸಿ ಲೋಹದೊಳಗಿನ ಬಿರುಕಿನ ಸದ್ದನ್ನು ಸೂಕ್ಷ್ಮ ಕಿವಿಗಳಿಂದ ಕೇಳುವ ಪರೀಕ್ಷೆ ಬಂದದ್ದು. ಅದಕ್ಕೆ ಅಮೆರಿಕ ವಿಶೇಷ ಅನುಮತಿಯನ್ನೂ ಕೊಟ್ಟಿದೆ. ಎಲ್ಲರಿಗೂ ಒಂದೇ ನಿಯಮ ಎನ್ನುವವರ ಜಗತ್ತಿನಲ್ಲಿ ಈ ವಿಶೇಷ ಅನುಮತಿಗೆ ಜಾಗ ಎಲ್ಲಿದೆ?

ಬಿಚ್ಚಿ ಕಟ್ಟುವುದೇ ಅಪಾಯವಾದ ಒಂದು ಘಟನೆ ವಿಮಾನಯಾನದವರಿಗೆಲ್ಲ ಗೊತ್ತು. ಅದು ಒತ್ತಡ ಪರೀಕ್ಷೆಯ ಕಥೆಯಲ್ಲ, ಗಡುವಿನ ಕಥೆ. ಬೇರೆ ವಿಮಾನಗಳಿಂದ ಆಮ್ಲಜನಕ ಹುಟ್ಟಿಸುವ ಡಬ್ಬಿಗಳನ್ನು ಅವಧಿ ಮುಗಿಯಿತೆಂದು ತೆಗೆದರು. ತೆಗೆದ ಮೇಲೆ ಪ್ರತಿಯೊಂದರ ಸಿಡಿಗುಂಡಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕಬೇಕಿತ್ತು. ಹಾಕಿದ್ದೇವೆಂದು ಕಾಗದದ ಮೇಲೆ ಸಹಿ ಬಿತ್ತು, ಮುಚ್ಚಳ ಬೀಳಲಿಲ್ಲ. ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ, 'ಖಾಲಿ' ಎಂದು ಬರೆದು, ವ್ಯಾಲುಜೆಟ್ 592 ವಿಮಾನದ ಸರಕು ಕೋಣೆಗೆ ಹೇರಿದರು. 1996ರ ಮೇ 11ರಂದು ಮಯಾಮಿಯಿಂದ ಏರಿದ ಆ ವಿಮಾನ ನಿಮಿಷಗಳಲ್ಲಿ ಹೊತ್ತಿಕೊಂಡು ಜೌಗಿಗೆ ಬಿತ್ತು. 110 ಜನ ಸತ್ತರು. ಡಬ್ಬಿಗಳ ತಾರೀಖನ್ನು ಯಾರೂ ಮರೆತಿರಲಿಲ್ಲ. ತಾರೀಖು ನೋಡಿದ್ದರು, ನೋಡಿಯೇ ತೆಗೆದಿದ್ದರು, ಸಹಿಯೂ ಇತ್ತು.

ಏಕಗಡುವಿನವರ ಬತ್ತಳಿಕೆಯಲ್ಲಿ ಒಂದು ಬಾಣ ಮಾತ್ರ ಹರಿತವಾಗಿದೆ. ನಿಯಮ ಸಂಕೀರ್ಣವಾದಷ್ಟೂ ಅಧಿಕಾರಿಯ ವಿವೇಚನೆಗೆ ಜಾಗ ಹೆಚ್ಚು, ವಿವೇಚನೆ ಹೆಚ್ಚಿದಲ್ಲಿ ಕೈ ಬಿಸಿ ಮಾಡುವ ದಾರಿಯೂ ಹೆಚ್ಚು. ಸರಳ ನಿಯಮ ಬಡವನ ಪರ. ಇದನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ನಮ್ಮ ದೇಶದಲ್ಲಿ ಈ ಭಯಕ್ಕೆ ಆಧಾರವಿದೆ. ಆದರೆ ಸರಳ ಮಾಡಬೇಕಾದದ್ದು ಓದುವುದನ್ನು. ಗಡುವನ್ನು ಎಲ್ಲಕ್ಕೂ ಒಂದೇ ಮಾಡುವುದರಿಂದ ಓದು ಸರಳವಾಗುವುದಿಲ್ಲ. ಇದಕ್ಕೆ ಪುರಾವೆ ಸಾಲೋಟಗಿಯ ಪ್ರತಿ ಅಡುಗೆಮನೆಯಲ್ಲಿದೆ. ಗ್ಯಾಸ್ ಸಿಲಿಂಡರಿನ ಕೊರಳಪಟ್ಟಿಯ ಒಳಮೈಯಲ್ಲಿ ಒಂದು ಅಕ್ಷರ, ಎರಡು ಅಂಕಿ. ಎ ಅಂದರೆ ಜನವರಿಯಿಂದ ಮಾರ್ಚ್, ಬಿ ಜೂನ್‌ವರೆಗೆ, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. ಪಕ್ಕದ ಅಂಕಿ ವರ್ಷ. ಶಾಲೆ ಮೆಟ್ಟಿಲು ಹತ್ತದವರೂ ಇದನ್ನು ನೋಡಿ "ಇದು ಬ್ಯಾಡ, ಬ್ಯಾರೇದು ಕೊಡು" ಎಂದು ಹುಡುಗನನ್ನು ವಾಪಸ್ ಕಳಿಸುತ್ತಾರೆ. ಆ ಸಿಲಿಂಡರಿಗೆ ಹೊಸದರಲ್ಲಿ ಹತ್ತು ವರ್ಷ, ಆಮೇಲೆ ಐದು ವರ್ಷಕ್ಕೊಮ್ಮೆ ಪರೀಕ್ಷೆ. ಅದೇ ಗ್ಯಾಸ್ ಸಿಲಿಂಡರ್ ನಿಯಮಗಳು ವಾಹನದ ಸಿಎನ್‌ಜಿ ಸಿಲಿಂಡರಿಗೆ ಮೂರು ವರ್ಷ ಹೇಳುತ್ತವೆ. ಅಡುಗೆ ಅನಿಲ ಕಡಿಮೆ ಒತ್ತಡದ್ದು, ಸಿಎನ್‌ಜಿ ಸುಮಾರು 200 ಬಾರ್ ಒತ್ತಡದಲ್ಲಿ ದಿನಾ ತುಂಬಿ ದಿನಾ ಖಾಲಿಯಾಗುವಂಥದ್ದು. ಭಾರತೀಯ ಮಾನಕದಲ್ಲೂ ಪುಡಿ ಸಿಲಿಂಡರಿಗೆ ಮೂರು, ಕಾರ್ಬನ್ ಡೈಆಕ್ಸೈಡಿನದಕ್ಕೆ ಐದು. ಮೂರು, ಐದು, ಹತ್ತು ಎಲ್ಲವೂ ನಮ್ಮ ನಡುವೆಯೇ ಇವೆ. ಅದರಿಂದ ಯಾರ ತಲೆಯೂ ಕೆಟ್ಟಿಲ್ಲ. ಮುದ್ರೆಯ ಭಾಷೆ ಒಂದಾದರೆ ಸಾಕಾಯಿತು, ಅವಧಿ ಒಂದಾಗುವುದು ಬೇಕಾಗಲಿಲ್ಲ.

ತಾರೀಖಿನ ಅರ್ಥವನ್ನೂ ಈ ಜನ ತಪ್ಪಾಗಿಯೇ ಹಿಡಿದಿದ್ದಾರೆ. ಅಮೆರಿಕದ ನಿಯಮದಲ್ಲಿ ಗಡುವು ಮೀರಿದ ಸಿಲಿಂಡರನ್ನು ತುಂಬಬಾರದು ಎಂದಿದೆ. ಗಡುವಿಗೆ ಮೊದಲು ತುಂಬಿದ್ದರೆ ಖಾಲಿಯಾಗುವವರೆಗೆ ಬಳಕೆಯಲ್ಲಿ ಇರಬಹುದು ಎಂದೂ ಇದೆ. ಯಾಕೆಂದರೆ ತೊಂದರೆ ಬರುವುದು ಹೆಚ್ಚಾಗಿ ತುಂಬುವ ಹೊತ್ತಿಗೆ. ಗಡುವು ಕಟ್ಟುಹಾಕುವುದು ತುಂಬುವವನ ಕೈಯನ್ನು. ಗೋಡೆಯ ಮೇಲಿನ ಡಬ್ಬಿ ಆ ತಾರೀಖಿನ ಮಧ್ಯರಾತ್ರಿ ಕೆಟ್ಟುಹೋಗುವುದೂ ಇಲ್ಲ, ಆ ತಾರೀಖಿನವರೆಗೆ ಸರಿಯಾಗಿಯೇ ಇರುತ್ತದೆಂಬ ಭರವಸೆಯೂ ಅಲ್ಲ.

ಹೀಗಿರುವಾಗ ಒಂದು ಮಾಡಬೇಕಾದದ್ದು ಯಾವುದು? ಪರೀಕ್ಷೆಯ ವಿಧಾನ ಒಂದಾಗಲಿ. ದಾಖಲೆಯ ನಮೂನೆ ಒಂದಾಗಲಿ. ಬಾಟಲಿಯ ಮೇಲೆ ಲೋಹದ ಜಾತಿ, ಕೊನೆಯ ಪರೀಕ್ಷೆ, ಮುಂದಿನ ಪರೀಕ್ಷೆ, ಒಳಗಿನ ವಸ್ತು ತುಂಬಿದ ದಿನ, ತುಂಬಿದಾಗಿನ ತೂಕ ಎಲ್ಲ ದೇಶದವರಿಗೂ ಓದಲು ಬರುವಂತೆ ಕೆತ್ತಲಿ. ಪರೀಕ್ಷೆ ಮಾಡುವವನ ಪರವಾನಗಿ ಒಂದು ದೇಶದ್ದು ಇನ್ನೊಂದು ದೇಶದಲ್ಲಿ ನಡೆಯಲಿ. ವಿಮಾನ ಕಂಪನಿಗಳ ನಿಜವಾದ ಸಂಕಟ ಇಲ್ಲೇ ಇದೆ. ಒಂದು ದೇಶದ ಕಾರ್ಖಾನೆಯ ಮುದ್ರೆಯನ್ನು ಇನ್ನೊಂದು ದೇಶದವರು ಒಪ್ಪದಿದ್ದರೆ, ಚೆನ್ನಾಗಿರುವ ಬಾಟಲಿಯನ್ನು ಮತ್ತೆ ಬಿಚ್ಚಬೇಕು. ಆ ನೋವನ್ನು ಗಡುವಿನ ಮೇಲೆ ಹೇರಿ ಮಾತಾಡುವುದರಿಂದ ಮದ್ದು ಬೇರೆ ಕಡೆ ಬೀಳುತ್ತಿದೆ. ಗಡುವನ್ನು ಲೋಹ, ಒತ್ತಡ, ವಸ್ತು, ಬಳಕೆ ನಿರ್ಧರಿಸಲಿ. ಕಂಪನಿಯೊಂದು ಅದನ್ನು ಹಿಗ್ಗಿಸಬೇಕೆಂದರೆ ಇಷ್ಟು ಬಾಟಲಿ ಬಿಚ್ಚಿದೆವು, ಇಷ್ಟು ಫೇಲಾದವು ಎಂಬ ಲೆಕ್ಕ ಮುಂದಿಟ್ಟು ಕೇಳಲಿ. ಫೇಲಾದ ಲೆಕ್ಕ ಹೆಚ್ಚಿದ್ದರೆ ಅದೇ ಲೆಕ್ಕ ಹಿಡಿದು ನಿಯಂತ್ರಕರು ಗಡುವನ್ನು ಕುಗ್ಗಿಸಲಿ.

ಖರ್ಚು ಯಾರು ಕೊಡುತ್ತಾರೆ ಎಂಬ ಪ್ರಶ್ನೆ ಉಳಿಯಿತು. ಇದಕ್ಕೆ ನಮ್ಮೂರಿನ ಕಲ್ಲೊಂದು ಸಾಕ್ಷಿ ಹೇಳುತ್ತದೆ. ಸಾಲೋಟಗಿಯ ಕ್ರಿ.ಶ. 945ರ ಶಾಸನ, ರಾಷ್ಟ್ರಕೂಟ ಮೂರನೇ ಕೃಷ್ಣನ ಕಾಲದ್ದು. ಆಗ ಊರಿನ ಹೆಸರು ಪಾವಿಟ್ಟಗೆ. ಮಂತ್ರಿ ನಾರಾಯಣ ಕಟ್ಟಿಸಿದ ಶಾಲೆಗೆ ಬೇರೆ ಬೇರೆ ನಾಡುಗಳಿಂದ ಓದಲು ಬರುವವರಿಗೆಂದು 27 ಮನೆ ಬಿಟ್ಟರು. ದೀಪದ ಖರ್ಚಿಗೆಂದೇ 12 ನಿವರ್ತನ ಭೂಮಿಯನ್ನು ಬೇರೆ ಇಟ್ಟರು. ದೀಪಕ್ಕೆ ಎಣ್ಣೆ ದಿನಾ ಬೇಕು, ಕಟ್ಟಿಸಿದ ದಿನ ಒಂದು ಸಲ ಸುರಿದರೆ ಆಗುವುದಿಲ್ಲ ಎಂಬ ಲೆಕ್ಕ ಅವರಿಗಿತ್ತು. ನಮ್ಮ ಟೆಂಡರುಗಳಲ್ಲಿ ಡಬ್ಬಿ ಕೊಳ್ಳಲು ಹಣವಿರುತ್ತದೆ, ಮೂರು ವರ್ಷಕ್ಕೊಮ್ಮೆ ಪರೀಕ್ಷೆಗೂ ಕಷ್ಟಪಟ್ಟು ಒಂದು ಸಾಲು ಇರುತ್ತದೆ. ತಿಂಗಳಿಗೊಮ್ಮೆ ಇಳಿಸಿ ಕುಲುಕಿ ನೋಡುವವನ ಕೂಲಿಗೆ ಸಾಲಿಲ್ಲ.

ವಿಜಯಪುರದ ಹೊರಗೆ ಬುರಣಾಪುರದ ಬಳಿ ವಿಮಾನ ನಿಲ್ದಾಣ ಎದ್ದಿದೆ. ಅಲ್ಲಿಗೆ ಒಂದು ದಿನ ಬಂದಿಳಿಯುವ ವಿಮಾನದ ಎಂಜಿನ್ ಬಾಟಲಿಗೆ ವಿಮಾನಯಾನ ನಿಯಂತ್ರಕ ಡಿಜಿಸಿಎ ನಿಯಮ, ನಿಲ್ದಾಣದ ಕಟ್ಟಡದ ಡಬ್ಬಿಗೆ ಭಾರತೀಯ ಮಾನಕ, ಅಲ್ಲಿನ ಗ್ಯಾಸ್ ಸಿಲಿಂಡರುಗಳಿಗೆ ನಾಗಪುರದ ಸ್ಫೋಟಕ ಸುರಕ್ಷತಾ ಸಂಸ್ಥೆ ಪೆಸೊ. ಮೂರು ನಿಯಮ, ಮೂರು ಗಡುವು. ಅಲ್ಲಿ ಕೆಲಸಕ್ಕೆ ಸೇರುವ ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹುಡುಗರಿಗೆ ಇದನ್ನು ಕಲಿಯುವುದು ಕಷ್ಟವಾಗುತ್ತದೆ ಎನ್ನುವವರು, ಅದೇ ಹುಡುಗರು ದ್ರಾಕ್ಷಿ ತೋಟದಲ್ಲಿ ಯಾವ ಔಷಧಿ ಯಾವ ದಿನ, ಯಾವ ಅಳತೆಗೆ, ಕಟಾವಿಗೆ ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಎಂಬುದನ್ನೆಲ್ಲ ಬಾಯಿಪಾಠದಲ್ಲೇ ನಡೆಸುವುದನ್ನು ಒಮ್ಮೆ ನೋಡಿ ಬರಲಿ. ಅವರಿಗೆ ಕೊಡಬೇಕಾದದ್ದು ಪ್ರತಿ ಬಾಟಲಿಯ ದಾಖಲೆ, ಅದನ್ನು ಬಿಡಿಸಿ ನೋಡುವ ಹಕ್ಕು, ಮತ್ತು ತಾರೀಖು ಇನ್ನೂ ಇದ್ದರೂ 'ಇದು ಕೆಟ್ಟಿದೆ' ಎಂದು ಬರೆದರೆ ಆ ಬರಹವನ್ನು ಒಪ್ಪುವ ಮೇಲಧಿಕಾರಿ.